ಇಂಪಾಲಾಗೆ ಹದಿನಾರು ಹೊಸ ಟ್ಯಾಪೆಟ್: ಪುಣೆಯಲ್ಲಿ ಒಂದು ಹಳೇ ವಿ8 ಬಿಚ್ಚಿ ಕಟ್ಟಿದ ಅನುಭವ

ಲಿಫ್ಟರ್ (ಟ್ಯಾಪೆಟ್ ಅಂದರೂ ಅದೇ) ಬದಲಿಸಬೇಕು ಅಂತ ಎಂಜಿನ್ ಬಿಚ್ಚಲು ಹೊರಟವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಲಿಫ್ಟರ್ ಒಂದನ್ನೇ ಬದಲಿಸಲು ಆಗುವುದಿಲ್ಲ. ಕ್ಯಾಮ್ ಅನ್ನುವ ಉಬ್ಬುಗಳ ದಂಡ ಸುತ್ತುತ್ತಾ ಲಿಫ್ಟರನ್ನು ಎತ್ತುತ್ತದೆ, ಲಿಫ್ಟರ್ ಪುಶ್‌ರಾಡ್ ಅನ್ನುವ ಸರಳನ್ನು, ಅದು ರಾಕರ್ ಅನ್ನುವ ಸನ್ನೆಯನ್ನು ನೂಕಿ ವಾಲ್ವ್ ತೆರೆಯುತ್ತದೆ, ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಹಾಗಾಗಿ ಲಿಫ್ಟರಿನ ಬೆನ್ನ ಹಿಂದೆ ಕ್ಯಾಮ್ ಬರುತ್ತದೆ. ಕ್ಯಾಮ್ ಹಿಂದೆ ಸ್ಪ್ರಿಂಗ್, ಸ್ಪ್ರಿಂಗ್ ಹಿಂದೆ ರಾಕರ್ ಸ್ಟಡ್ (ರಾಕರ್ ಕೂರುವ ಗೂಟ), ಪುಶ್‌ರಾಡ್, ಕೊನೆಗೆ ಯಾವ ಆಯಿಲ್ ಅನ್ನುವ ಪ್ರಶ್ನೆ. ಬರೀ ಲಿಫ್ಟರಿನ ಬೆಲೆ ನೋಡಿ ಬಜೆಟ್ ಹಾಕಿದರೆ ಅರ್ಧ ದಾರಿಯಲ್ಲಿ ನಿಲ್ಲಬೇಕಾಗುತ್ತದೆ. ನಮ್ಮ ಕೆಲಸ ಈಗಷ್ಟೇ ಮುಗಿದಿದೆ, ಬಿಲ್ಲುಗಳೆಲ್ಲ ಇನ್ನೂ ಮೇಜಿನ ಮೇಲೆ ಇವೆ. ಮರೆಯುವ ಮುಂಚೆ ಬರೆದಿಡೋಣ ಅನಿಸಿತು.

ಗಾಡಿ ಮಾವನವರದು. 1965ರ ಶೆವ್ರೊಲೆ ಇಂಪಾಲಾ. ಎಂಜಿನ್ 327 ಕ್ಯೂಬಿಕ್ ಇಂಚಿನ ವಿ8, ನಮ್ಮ ಲೆಕ್ಕದಲ್ಲಿ ಸುಮಾರು 5.4 ಲೀಟರ್. ಕಂಪನಿ ಹೇಳಿದ ಶಕ್ತಿ 250 ಅಶ್ವಶಕ್ತಿ. ಎರಡೇ ಗೇರಿನ ಪವರ್‌ಗ್ಲೈಡ್ ಆಟೋಮ್ಯಾಟಿಕ್. ಮಾವ ಮಾಟುಂಗಾದಲ್ಲಿ ಹೋಟೆಲ್ ನಡೆಸುತ್ತಿದ್ದಾಗ ಎರಡನೇ ಕೈಯಲ್ಲಿ ಕೊಂಡಿದ್ದು. ಆ ಕಾಲದ ಎಷ್ಟೋ ಅಮೆರಿಕನ್ ಕಾರುಗಳಿಂದ ಪೆಟ್ರೋಲ್ ವಿ8 ಕಿತ್ತು ಪರ್ಕಿನ್ಸ್ ಡೀಸೆಲ್ಲೋ, ಮ್ಯಾಟಡೋರ್ ಎಂಜಿನ್ನೋ ಕೂರಿಸಿಬಿಟ್ಟರು. ಮಾವ ಮಾತ್ರ ಕೈ ಹಚ್ಚಲು ಬಿಡಲಿಲ್ಲ. ಗಾಡಿ ಓಡಿಸದೆ ಇಟ್ಟರೂ ಸರಿ, ಎಂಜಿನ್ ಅದೇ ಇರಬೇಕು ಅಂದರು. ಈಗ ಅವರು, ಗಾಡಿ ಎರಡೂ ಪುಣೆಯಲ್ಲಿ ನಮ್ಮ ಜೊತೆ.

ತೊಂದರೆ ಶುರುವಾಗಿದ್ದು ಟಿಕ್ ಟಿಕ್ ಸದ್ದಿನಿಂದ. ಆಮೇಲೆ ಆಕ್ಸಿಲರೇಟರ್ ಒತ್ತಿದಾಗ ಕಾರ್ಬ್ಯುರೇಟರ್ ಬಾಯಲ್ಲಿ ಪಟ್ ಅಂತ ಉಗಿಯತೊಡಗಿತು. ಟ್ಯೂನಿಂಗ್ ಸರಿಯಿಲ್ಲ, ಪ್ಲಗ್ ಹೋಗಿದೆ, ಪೆಟ್ರೋಲ್ ಸರಿಯಿಲ್ಲ ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು. ಭೋಸರಿಯ ನಮ್ಮ ಮಿಸ್ತ್ರಿ ಕಾಕಾ ಮಾತ್ರ ರಾಕರ್ ಕವರ್ ತೆಗೆಸಿ, ಎಂಜಿನ್ ತಿರುಗಿಸಿ, ಒಂದೊಂದು ರಾಕರ್ ಎಷ್ಟು ಏಳುತ್ತದೆ ಅಂತ ಡಯಲ್ ಗೇಜ್ ಇಟ್ಟು ನೋಡಿದರು. ಒಂದು ಎಕ್ಸಾಸ್ಟ್ ವಾಲ್ವ್ ಉಳಿದವುಗಳ ಅರ್ಧದಷ್ಟೂ ಏಳುತ್ತಿರಲಿಲ್ಲ. ಸುಟ್ಟ ಗಾಳಿ ಹೊರಗೆ ಹೋಗಲು ದಾರಿ ಸಿಗದಿದ್ದರೆ, ಇನ್‌ಟೇಕ್ ತೆರೆದ ಕೂಡಲೇ ಆ ಕಡೆ ನುಗ್ಗುತ್ತದೆ. ಉಗಿಯುವುದು ಅದಕ್ಕೇ.

ಕಾಕಾ ಮೂಲತಃ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಎಂಐಡಿಸಿ ಕೈಗಾರಿಕಾ ಪ್ರದೇಶದ ಲೇತ್ ಮಶಿನ್ ಮೇಲೆ ಕೆಲಸ ಕಲಿತು, ಈಗ ಸ್ವಂತ ಶೆಡ್ ಇಟ್ಟಿದ್ದಾರೆ. ನನಗೆ ಕನ್ನಡದಲ್ಲಿ ಎಂಜಿನ್ ಪಾಠ ಹೇಳಿದ ಮೊದಲ ಮನುಷ್ಯ.

ಇನ್‌ಟೇಕ್ ಮ್ಯಾನಿಫೋಲ್ಡ್ ಎತ್ತಿದರೆ ನಡುವೆ ಕಣಿವೆ ಥರ ಜಾಗ, ಅದರ ಎರಡೂ ಬದಿಗೆ ಎಂಟೆಂಟು ಲಿಫ್ಟರ್. ಕೆಲವು ಬೆರಳಲ್ಲೇ ಮೇಲೆ ಬಂದವು. ಕೆಲವಕ್ಕೆ ಹಳೇ ಆಯಿಲ್ ಅಂಟಿನ ಹಾಗೆ ಕಚ್ಚಿತ್ತು, ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಕಾಯಬೇಕಾಯಿತು. ಕೆಟ್ಟ ವಾಲ್ವಿನ ಲಿಫ್ಟರ್ ಹೊರಗೆ ಬಂದಾಗ ಕಾಕಾ ಅದನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ತಳದಲ್ಲಿ ಉಗುರಿಗೆ ಸಿಗುವಷ್ಟು ಗುಂಡಿ ಬಿದ್ದಿತ್ತು. ಸುತ್ತಲೂ ಸಣ್ಣ ಸಣ್ಣ ಚುಕ್ಕೆಯ ಹಾಗೆ ಲೋಹ ಕಿತ್ತುಹೋಗಿತ್ತು. ಆಮೇಲೆ ಎರಡು ಒಳ್ಳೆಯ ಲಿಫ್ಟರ್ ತಗೊಂಡು ತಳಕ್ಕೆ ತಳ ಸೇರಿಸಿ ಬೆಳಕಿಗೆ ಹಿಡಿದರು. ನಡುವೆ ತಾಗುತ್ತಿತ್ತು, ಅಂಚಿನಲ್ಲಿ ಕೂದಲಿನಷ್ಟು ಬೆಳಕು ಕಾಣುತ್ತಿತ್ತು. ಅಲ್ಲಾಡಿಸಿದರೆ ಒಂಚೂರು ತೂಗುತ್ತಿತ್ತು.

ಅದೇ ಫ್ಲಾಟ್ ಟ್ಯಾಪೆಟ್ಟಿನ ಗುಟ್ಟು. ಫ್ಲಾಟ್ ಅಂತಾರೆ, ಆದರೆ ತಳ ಸಪಾಟಾಗಿರುವುದಿಲ್ಲ, ಸ್ವಲ್ಪ ಉಬ್ಬಿರುತ್ತದೆ. ಕ್ಯಾಮಿನ ಲೋಬ್, ಅಂದರೆ ಲಿಫ್ಟರನ್ನು ಎತ್ತುವ ಉಬ್ಬು ಕೂಡ ಒಂದು ಬದಿಗೆ ಕಣ್ಣಿಗೆ ಕಾಣದಷ್ಟು ಇಳಿಜಾರು. ಇವೆರಡರಿಂದ ಲಿಫ್ಟರ್ ಮೇಲೆ ಕೆಳಗೆ ಹೋಗುವಾಗ ತನ್ನಷ್ಟಕ್ಕೆ ಸುತ್ತುತ್ತಾ ಇರುತ್ತದೆ. ಸುತ್ತುವುದು ನಿಂತರೆ ಒಂದೇ ಜಾಗ ಉಜ್ಜಿ, ಲಿಫ್ಟರೂ ಹೋಗುತ್ತದೆ, ಲೋಬೂ ಹೋಗುತ್ತದೆ. ನಮ್ಮದರಲ್ಲಿ ಎರಡೂ ಹೋಗಿತ್ತು.

ಹಾಗಾಗಿ ಕ್ಯಾಮ್ ಹೇಗೂ ಹೊಸದು ಬೇಕು. ಹೊಸ ಕ್ಯಾಮ್ ಅಂದಮೇಲೆ ಹದಿನಾರೂ ಲಿಫ್ಟರ್ ಹೊಸವು. "ಸಾಹೇಬ್ರ, ಹಳೇ ಕ್ಯಾಮಿಗೆ ಹೊಸಾ ಟ್ಯಾಪೆಟ್ ಹಾಕಿದ್ರ ಹೆಂಗೋ ನಡೀತದ. ಹೊಸಾ ಕ್ಯಾಮಿಗೆ ಹಳೇ ಟ್ಯಾಪೆಟ್ ಹಾಕಿದ್ರ ಎರಡೂ ಹೋಗ್ತಾವ," ಅಂದರು ಕಾಕಾ. ಇಷ್ಟೆಲ್ಲ ಖರ್ಚು ಮಾಡುವಾಗ ಸ್ವಲ್ಪ ಜೋರಾಗಿ ಓಡುವ ಹಾಗೆ ಯಾಕೆ ಮಾಡಬಾರದು ಅಂತ ನನ್ನ ತಲೆಗೆ ಬಂತು. ಇಲ್ಲಿಂದಲೇ ನಿಜವಾದ ತಲೆಬಿಸಿ.

ಆಯ್ಕೆ ನಾಲ್ಕು. ಮೊದಲಿನ ಹಾಗೇ ಹೈಡ್ರಾಲಿಕ್ ಫ್ಲಾಟ್. ಸಾಲಿಡ್ ಫ್ಲಾಟ್. ಹೈಡ್ರಾಲಿಕ್ ರೋಲರ್, ಅಂದರೆ ತಳದಲ್ಲಿ ಉರುಳುವ ಚಕ್ರ ಇರುವಂಥದ್ದು. ಸಾಲಿಡ್ ರೋಲರ್. ಕೊನೆಯದು ರೇಸ್ ಗಾಡಿಯ ಮಾತು, ಅದನ್ನು ಬಿಟ್ಟುಬಿಡಿ.

ಸಾಲಿಡ್ ಮೇಲೆ ನನಗೆ ಮನಸ್ಸಿತ್ತು. ಹೈಡ್ರಾಲಿಕ್‌ನ ಹಾಗೆ ಒಳಗೆ ಜಾರುವ ಪ್ಲಂಜರ್ ಇಲ್ಲ, ಆಯಿಲ್ ತುಂಬಿ ಸಡಿಲ ಸರಿದೂಗಿಸುವ ಕೆಲಸ ಇಲ್ಲ. ಎಂಜಿನ್ ಎಷ್ಟು ಸುತ್ತಿದರೂ ಕ್ಯಾಮ್ ಹೇಳಿದ ಹಾಗೆ ವಾಲ್ವ್ ಕುಣಿಯುತ್ತದೆ. ಆದರೆ ಫೀಲರ್ ಗೇಜ್ ಇಟ್ಟು ಆಗಾಗ ಗ್ಯಾಪ್ ಸರಿಮಾಡಬೇಕು. ಸದ್ದೂ ಇರುತ್ತದೆ. ಮಾವನವರ ಹತ್ತಿರ ಈ ಮಾತು ಎತ್ತಿದೆ. "ಹೊಲಿಗೆ ಮಶಿನಿನ ಹಾಗೆ ಕಟಕಟ ಅನ್ನುವ ಗಾಡಿ ನನಗೆ ಬೇಡ ಮಾರಾಯ. ಏನು ಬೇಕಾದ್ರೂ ಮಾಡು, ಸದ್ದು ಬದಲಾಗಬಾರದು," ಅಂದರು. ಗಾಡಿ ಅವರದು. ಅಲ್ಲಿಗೆ ಆ ಮಾತು ಮುಗಿಯಿತು.

ಆಮೇಲೆ ಓದುತ್ತಾ ಹೋದಾಗ ಮಾವನವರ ಮಾತಿಗೆ ಲೆಕ್ಕದ ಬೆಂಬಲವೂ ಸಿಕ್ಕಿತು. 1965ರಲ್ಲೇ ಶೆವ್ರೊಲೆ ಕಾರ್ವೆಟ್‌ಗೆ ಇದೇ 327 ಎಂಜಿನ್ನನ್ನು ಹಲವು ಬಗೆಯಲ್ಲಿ ಕೊಡುತ್ತಿತ್ತು. ಎಲ್76 ಅನ್ನುವುದು ಸಾಲಿಡ್ ಲಿಫ್ಟರಿನದು, 365 ಅಶ್ವಶಕ್ತಿ. ಎಲ್79 ಹೈಡ್ರಾಲಿಕ್, 350. ಕಾಗದದ ಮೇಲೆ ವ್ಯತ್ಯಾಸ ಬರೀ 15. ಸಾಲಿಡ್ ಲಿಫ್ಟರಿನ ಲಾಭ ಸಿಗುವುದು ಎಂಜಿನ್ ಕಿರುಚುವಾಗ. ಎರಡು ಗೇರಿನ ಇಂಪಾಲಾ ಬಾಣೇರ್ ರಸ್ತೆಯ ಟ್ರಾಫಿಕ್‌ನಲ್ಲಿ ಯಾವಾಗ ಕಿರುಚುತ್ತೆ, ಹೇಳಿ?

ಉಳಿದದ್ದು ಹೈಡ್ರಾಲಿಕ್ ಫ್ಲಾಟಾ, ರೋಲರಾ? ಬೆಲೆ ನೋಡಿದರೆ ಯಾರಾದರೂ ಫ್ಲಾಟ್ ಅನ್ನುತ್ತಾರೆ. ಒಂದು ಸೆಟ್ ಫ್ಲಾಟ್ ಲಿಫ್ಟರ್ ನಾವು ನೋಡಿದಾಗ ಅಮೆರಿಕದಲ್ಲಿ 120 ಡಾಲರಿನ ಆಸುಪಾಸು. ಹಳೇ ಬ್ಲಾಕಿಗೆ ಕೂರುವ ರೋಲರ್ ಸೆಟ್ 550 ಡಾಲರ್. ನಾಲ್ಕು ಪಟ್ಟಿಗಿಂತ ಜಾಸ್ತಿ!

ಆದರೂ ರೋಲರ್ ಕಡೆ ವಾಲಿದ್ದಕ್ಕೆ ಎರಡು ಕಾರಣ. ಒಂದು, ಮೊದಲ ಅರ್ಧ ಗಂಟೆ. ಹೊಸ ಫ್ಲಾಟ್ ಟ್ಯಾಪೆಟ್ ಕ್ಯಾಮ್ ಹಾಕಿದರೆ, ಎಂಜಿನ್ ಚಾಲೂ ಆದ ಕ್ಷಣದಿಂದ 2000-2500 ಆರ್‌ಪಿಎಂನಲ್ಲಿ 20-30 ನಿಮಿಷ ಓಡಿಸಬೇಕು. ಐಡಲ್ ಮಾಡಲೇಬಾರದು, ಯಾಕೆಂದರೆ ಲೋಬ್‌ಗೆ ಆಯಿಲ್ ಸಿಗುವುದು ಮುಖ್ಯವಾಗಿ ಕ್ರ್ಯಾಂಕ್ ಸಿಡಿಸುವ ಹನಿಗಳಿಂದ. ಕಾರ್ಬ್ಯುರೇಟರ್ ತಕರಾರು ಮಾಡಿ, ಸ್ಟಾರ್ಟರ್ ತಿರುಗಿಸುತ್ತಾ ಕೂತರೆ ಹೊಸ ಲೋಬ್ ಅಲ್ಲೇ ಸವೆಯಬಹುದು. ಸವೆದ ಪುಡಿ ಆಯಿಲ್ ಜೊತೆ ಬೇರಿಂಗಿಗೆ ಹೋಗುತ್ತದೆ. ಅಮೆರಿಕದಲ್ಲಾದರೆ ಇನ್ನೊಂದು ಸೆಟ್ ವಾರದಲ್ಲಿ ಮನೆಗೆ ಬರುತ್ತೆ. ನಮಗೆ ಮತ್ತೆ ಕಸ್ಟಮ್ಸ್, ಮತ್ತೆ ಕಾಯುವುದು.

ಇನ್ನೊಂದು, ಆಯಿಲ್. ಫ್ಲಾಟ್ ಟ್ಯಾಪೆಟ್ ಉಜ್ಜುವ ಜಾಗವನ್ನು ಕಾಪಾಡುವುದು ಆಯಿಲ್‌ನಲ್ಲಿರುವ ಸತು ಮತ್ತು ರಂಜಕದ ಸಂಯುಕ್ತ, ಜೆಡ್‌ಡಿಡಿಪಿ ಅಂತಾರೆ. ಹೊಸ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರಿಗೆ ಅದು ಆಗಿಬರಲ್ಲ. ಅದಕ್ಕೇ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎನ್ ದರ್ಜೆಯ 5ಡಬ್ಲ್ಯು-30 ಥರದ ಪೆಟ್ರೋಲ್ ಆಯಿಲ್‌ಗಳಲ್ಲಿ ರಂಜಕಕ್ಕೆ 800 ಪಿಪಿಎಂ (ಹತ್ತು ಲಕ್ಷಕ್ಕೆ 800 ಭಾಗ) ಮಿತಿ ಹಾಕಿದ್ದಾರೆ. ಹಳೇ ಫ್ಲಾಟ್ ಟ್ಯಾಪೆಟ್ಟಿಗೆ ಅದಕ್ಕಿಂತ ಜಾಸ್ತಿ ಬೇಕು. ನೀವು ಫ್ಲಾಟಿನಲ್ಲೇ ಉಳಿಯುವುದಾದರೆ, ಲಾರಿಗೆ ಹಾಕುವ 15ಡಬ್ಲ್ಯು-40, ಸಿಐ-4 ದರ್ಜೆಯ ಡೀಸೆಲ್ ಆಯಿಲ್ ನಮ್ಮಲ್ಲಿ ಎಲ್ಲ ಕಡೆ ಸಿಗುತ್ತದೆ. ಕಾಕಾ ಹಳೇ ಎಂಜಿನ್‌ಗಳಿಗೆ ಅದನ್ನೇ ಹಾಕುವುದು. ರೋಲರ್‌ಗೆ ಈ ಚಿಂತೆ ಕಡಿಮೆ. ಅದು ಉಜ್ಜುವುದಿಲ್ಲ, ಉರುಳುತ್ತದೆ.

ಆರ್ಡರ್ ಮಾಡುವ ಮುಂಚೆ ಕಾಗದದ ವಿಷಯ ಒಂದು ನೋಡಬೇಕಿತ್ತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿತು. 50 ವರ್ಷ ದಾಟಿದ್ದು, ಮೂಲ ರೂಪದಲ್ಲೇ ಇದ್ದರೆ, 20,000 ರೂಪಾಯಿ ಕಟ್ಟಿ 'ವಿಎ' ಸಾಲಿನ ನಂಬರ್ ತಗೋಬಹುದು. 10 ವರ್ಷಕ್ಕೆ ಚಾಲ್ತಿ, ನವೀಕರಣಕ್ಕೆ 5,000. ಆದರೆ ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಇರಬಾರದು. ಜೊತೆಗೆ ಆ ನಂಬರಿನ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥ ಕೆಲಸಕ್ಕೆ ಮಾತ್ರ ರಸ್ತೆಗೆ ತರಬೇಕು. ನಮಗೆ ಊರಿಗೆ ಓಡಿಸಿಕೊಂಡು ಹೋಗುವ ಆಸೆ. ಹಾಗಾಗಿ ಐದೈದು ವರ್ಷಕ್ಕೆ ನವೀಕರಿಸುವ ಮಾಮೂಲಿ ಆರ್‌ಸಿಯನ್ನೇ ಇಟ್ಟುಕೊಂಡೆವು. ನೀವು ವಿಎ ನಂಬರ್ ಬಯಸುವುದಾದರೆ ಎಂಜಿನ್ ಬಿಚ್ಚುವ ಮುಂಚೆಯೇ ಆರ್‌ಟಿಓದಲ್ಲಿ ವಿಚಾರಿಸಿ.

ಇದರ ಜೊತೆಗೇ ಒಂದು ಎಚ್ಚರಿಕೆ. ಈ ಶೆವ್ರೊಲೆ ಎಂಜಿನ್‌ಗಳಲ್ಲಿ ನಂಬರ್ ಕೊರೆದಿರುವುದು ಬಲಗಡೆ ಹೆಡ್ಡಿನ ಮುಂದೆ, ಬ್ಲಾಕಿನ ಮೇಲ್ಮೈಯಲ್ಲೇ. ಬ್ಲಾಕ್ ಸಪಾಟು ಮಾಡೋಣ ಅಂತ ಮಶಿನ್ ಶಾಪಿನವರು ಒಂದು ಸಲ ಹೊಡೆದರೆ ನಂಬರ್ ಮಾಯ. ಆಮೇಲೆ ಆರ್‌ಸಿ ಹಿಡಿದುಕೊಂಡು ಅಲೆಯಬೇಕು. ಕಾಕಾ ಆ ಜಾಗಕ್ಕೆ ಬಿಳಿ ಬಣ್ಣ ಬಳಿದು "ಹಾತ್ ಲಾವೂ ನಕಾ" (ಕೈ ಹಚ್ಚಬೇಡಿ) ಅಂತ ಬರೆಸಿಟ್ಟಿದ್ದರು.

ಕ್ಯಾಮ್ ಆಯ್ಕೆಯಲ್ಲಿ ಆಸೆ ಕಡಿಮೆ ಮಾಡಿಕೊಳ್ಳಿ ಅಂತಷ್ಟೇ ಹೇಳುತ್ತೇನೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಟಾರ್ಕ್ ಕನ್ವರ್ಟರ್ ಹಳೆಯದೇ, ಗೇರ್ ಎರಡೇ. ದೊಡ್ಡ ಕ್ಯಾಮ್ ಹಾಕಿದರೆ ಐಡಲ್ ಕುಂಟುತ್ತದೆ, ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಸಾಲದು. ನಾವು 0.050 ಇಂಚಿನ ಲಿಫ್ಟಿನಲ್ಲಿ 214 ಡಿಗ್ರಿಯ (ಲಿಫ್ಟರ್ ಅಷ್ಟಾದರೂ ಎದ್ದಿರುವಾಗ ಕ್ರ್ಯಾಂಕ್ ಎಷ್ಟು ಡಿಗ್ರಿ ಸುತ್ತುತ್ತದೆ ಅನ್ನುವ ಲೆಕ್ಕ) ಸಾಧು ಕ್ಯಾಮ್ ತರಿಸಿದೆವು. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ತಿರುಗಿಸುವ ಗೇರ್ ಬೀಡು ಕಬ್ಬಿಣದ್ದು ಇರುವಂಥದ್ದೇ ಬೇಕು ಅಂತ ಕೇಳಿ ತರಿಸಿ. ಪೂರ್ತಿ ಸ್ಟೀಲ್ ಕ್ಯಾಮ್ ಬಂದರೆ ಡಿಸ್ಟ್ರಿಬ್ಯೂಟರಿನ ಹಳೇ ಗೇರನ್ನು ಅದು ತಿಂದುಹಾಕುತ್ತೆ.

ಪಾರ್ಸೆಲ್ ಮುಂಬೈಗೆ ಬೇಗ ಬಂತು. ಬಂದು ಅಲ್ಲೇ ಕೂತಿತು. ಆಧಾರ್, ಪ್ಯಾನ್ ಎಲ್ಲ ಮೊದಲೇ ಕೊಟ್ಟಾಗಿತ್ತು. ತಕರಾರು ಬೇರೆ. ಲಿಫ್ಟರ್‌ಗಳನ್ನು ತುಕ್ಕು ಹಿಡಿಯದಿರಲಿ ಅಂತ ಆಯಿಲ್ ಬಳಿದೇ ಪ್ಯಾಕ್ ಮಾಡುತ್ತಾರೆ. ಆ ಆಯಿಲ್ ಇಳಿದು ರಟ್ಟಿನ ಡಬ್ಬಿ ಕರೆಗಟ್ಟಿತ್ತು. ಬಳಸಿದ ಸಾಮಾನಾ, ಹೊಸದಾ ಅಂತ ಪ್ರಶ್ನೆ. ಬಿಲ್ ಕಳಿಸಿದೆ, ಸಾಲಲಿಲ್ಲ. ತಯಾರಕರ ಕ್ಯಾಟಲಾಗಿನ ಪುಟ, ಪಾರ್ಟ್ ನಂಬರ್, ಮಾರಿದವರಿಂದ 'ಹೊಸದು, ಬಳಸಿಲ್ಲ' ಅಂತ ಬರೆಸಿದ ಪತ್ರ ಕಳಿಸಿದ ಮೇಲೆ ಬಿಟ್ಟರು. ಫೋನ್ ಎತ್ತಿದವರು ಪ್ರತಿ ಸಲ ಬೇರೆ ಬೇರೆ, ಪ್ರತಿ ಸಲ ಕಥೆ ಮೊದಲಿನಿಂದ. ರಾತ್ರಿ ಟ್ರ್ಯಾಕಿಂಗ್ ಪುಟ ತೆರೆದು ನೋಡುವುದು ಒಂದು ಚಟವೇ ಆಗಿಬಿಟ್ಟಿತ್ತು. ಹೆಂಡತಿ ನನ್ನ ಫೋನ್ ಕಿತ್ತಿಟ್ಟಳು. ಆರ್ಡರ್ ಮಾಡುವಾಗಲೇ ಈ ಪತ್ರ ಡಬ್ಬಿಯ ಮೇಲೆ ಅಂಟಿಸಲು ಹೇಳಿ. ಲಿಫ್ಟರ್ ಸೆಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಸಿ.

ಡ್ಯೂಟಿ, ಐಜಿಎಸ್‌ಟಿ, ಕೊರಿಯರ್ ಎಲ್ಲ ಸೇರಿ ಬೆಲೆಯ ಅರ್ಧಕ್ಕಿಂತ ಜಾಸ್ತಿ ಮೇಲೆ ಬಿತ್ತು.

ಇತ್ತ ಭೋಸರಿಯಲ್ಲಿ ಬೇರೆ ಸಮಾಚಾರ ಕಾದಿತ್ತು. ರೋಲರ್ ಲಿಫ್ಟರ್ ಭಾರ ಜಾಸ್ತಿ, ಅದನ್ನು ಕ್ಯಾಮ್ ಮೇಲೆ ಒತ್ತಿ ಹಿಡಿಯಲು ಸ್ಪ್ರಿಂಗೂ ಗಟ್ಟಿ ಬೇಕು. ಹಳೇ ಸ್ಪ್ರಿಂಗ್ ವಾಲ್ವ್ ಮುಚ್ಚಿದಾಗ ಸುಮಾರು 80 ಪೌಂಡ್ ಒತ್ತುತ್ತಿತ್ತು, ಹೊಸದು 130. ಈ ಹೆಡ್ಡುಗಳಲ್ಲಿ ರಾಕರ್ ಸ್ಟಡ್‌ಗೆ ಥ್ರೆಡ್ ಇಲ್ಲ. "ನೋಡ್ರಿ ಸಾಹೇಬ್ರ, ಸುಮ್ನ ಬಡದು ಕೂಡ್ಸ್ಯಾರ. ಈ ಸ್ಪ್ರಿಂಗ್ ಹಾಕಿದ್ರ ಒಂದಿನ ಸ್ಟಡ್ ಎದ್ದು ಬರ್ತದ," ಅಂದರು ಕಾಕಾ. ಹದಿನಾರೂ ಸ್ಟಡ್ ಎಳೆದು, ಕೂರುವ ಜಾಗ ಸಪಾಟು ಮಾಡಿ, ಥ್ರೆಡ್ ಹೊಡೆದು ಹೊಸ ಸ್ಟಡ್ ತಿರುಗಿಸಿದರು. ಒಳ್ಳೆ ಮಶಿನ್ ಶಾಪಿಗೆ ಇದು ದೊಡ್ಡ ಕೆಲಸವಲ್ಲ, ಆದರೆ ಸ್ಟಡ್ ಓರೆ ಕೂತರೆ ರಾಕರ್ ಓರೆ. ಹಾಗಾಗಿ ಡ್ರಿಲ್ ಮಶಿನ್ ಹಿಡಿದು ಮಾಡುತ್ತೇನೆ ಅನ್ನುವವರ ಹತ್ತಿರ ಕೊಡಬೇಡಿ. ಗೈಡ್ ಪ್ಲೇಟ್ ಬೇಕಾ ಅಂತ ಕೇಳುತ್ತಾರೆ. ಈ ಹೆಡ್ಡಿನಲ್ಲಿ ಪುಶ್‌ರಾಡ್ ಹಾಯುವ ಸೀಳೇ ಅದನ್ನು ನೇರ ಹಿಡಿಯುತ್ತದೆ, ಸೀಳು ದೊಡ್ಡದು ಮಾಡಿಲ್ಲದಿದ್ದರೆ ಪ್ಲೇಟ್ ಬೇಡ.

ಲಿಫ್ಟರ್ ಕೂರುವ ಬೋರ್ ಅಳೆಯುವುದನ್ನು ಮಾತ್ರ ಯಾರೂ ಬಿಡಬೇಡಿ. ಲಿಫ್ಟರಿನ ದಪ್ಪ 0.842 ಇಂಚು. ಬೋರ್ ಅದಕ್ಕಿಂತ ಸುಮಾರು 0.0015 ಇಂಚು ದೊಡ್ಡದಿರಬೇಕು. ಜಾಸ್ತಿ ಸವೆದಿದ್ದರೆ ಆಯಿಲ್ ಅಲ್ಲೇ ಸೋರಿ ಪ್ರೆಶರ್ ಇಳಿಯುತ್ತದೆ, ಎಂಥ ದುಬಾರಿ ಲಿಫ್ಟರ್ ಹಾಕಿದರೂ ಟಿಕ್ ಟಿಕ್ ತಪ್ಪದು. ನಮ್ಮದರಲ್ಲಿ ಎಲ್ಲವೂ ಮಿತಿಯೊಳಗಿತ್ತು. ಕಾಕಾ ತೆಳು ಆಯಿಲ್ ಹಚ್ಚಿ ಒಂದೊಂದನ್ನೇ ಬಿಟ್ಟು ನೋಡಿದರು. ಧಡಕ್ಕನೆ ಬೀಳದೆ ನಿಧಾನಕ್ಕೆ ಇಳಿದರೆ ಅವರಿಗೆ ಸಮಾಧಾನ.

ರೋಲರ್ ಲಿಫ್ಟರ್ ಸುತ್ತಬಾರದು, ಅದಕ್ಕೇ ಎರಡೆರಡನ್ನು ಪಟ್ಟಿಯಲ್ಲಿ ಜೋಡಿಸಿರುತ್ತಾರೆ. ಪೂರ್ತಿ ಎದ್ದಾಗ ಪಟ್ಟಿ ಎಲ್ಲೂ ತಾಗುತ್ತಿಲ್ಲವಾ ಅಂತ ಕೈಯಲ್ಲಿ ಎಂಜಿನ್ ತಿರುಗಿಸಿ ನೋಡಬೇಕು. ಲೋಬಿನ ಇಳಿಜಾರು ಇಲ್ಲದ ಕಾರಣ ಕ್ಯಾಮ್ ಮುಂದಕ್ಕೆ ಜರುಗುತ್ತದೆ. ಅದನ್ನು ತಡೆಯಲು ಮುಂದೆ ಒಂದು ಬಟನ್ ಕೂರಿಸಿ, ತಗಡಿನ ಟೈಮಿಂಗ್ ಕವರ್ ಬಗ್ಗದಂತೆ ಗಟ್ಟಿ ಕವರ್ ಹಾಕಿದೆವು.

ಪುಶ್‌ರಾಡನ್ನು ಲಿಫ್ಟರ್ ಜೊತೆಗೇ ಆರ್ಡರ್ ಮಾಡಬೇಡಿ. ರೋಲರ್ ಲಿಫ್ಟರ್ ಉದ್ದ ಜಾಸ್ತಿ, ಆದ್ದರಿಂದ ಹಳೇ 7.8 ಇಂಚಿನ ಪುಶ್‌ರಾಡ್ ಆಗಲ್ಲ. ಉದ್ದ ಬದಲಿಸಬಹುದಾದ ಅಳತೆಯ ಪುಶ್‌ರಾಡ್ ಒಂದು ಸಿಗುತ್ತದೆ. ಅದನ್ನು ಹಾಕಿ, ವಾಲ್ವ್ ತುದಿಗೆ ಕಪ್ಪು ಮಾರ್ಕರ್ ಬಳಿದು, ಎಂಜಿನ್ ತಿರುಗಿಸಿ, ರಾಕರ್ ಎಲ್ಲಿ ಒರೆಸಿತು ಅಂತ ನೋಡುವುದು. ಗೆರೆ ನಡುವೆ ಇರಬೇಕು, ಸಪೂರ ಇರಬೇಕು. ನಮಗೆ ಸರಿಬಂದಿದ್ದು 7.3 ಇಂಚಿನ ಹತ್ತಿರ. ಇದಕ್ಕಾಗಿ ಎರಡನೇ ಪಾರ್ಸೆಲ್, ಎರಡನೇ ಕಾಯುವಿಕೆ. ಹೊರಗೆ ಮಳೆ ಹಿಡಿದಿತ್ತು. ಬಿಚ್ಚಿದ ಎಂಜಿನ್ ಮೇಲೆ ದಿನಾ ಆಯಿಲ್ ಬಟ್ಟೆ ಹೊದಿಸುವುದೇ ಒಂದು ಕೆಲಸ.

ಕಟ್ಟಿದ ಮೇಲೆ, ಸ್ಟಾರ್ಟ್ ಮಾಡುವ ಮುಂಚೆ ಆಯಿಲ್ ಮೇಲೇರಿಸಬೇಕು. ಡಿಸ್ಟ್ರಿಬ್ಯೂಟರ್ ತೂತಿನಲ್ಲಿ ಬರೀ ಸರಳು ಇಳಿಸಿ ಡ್ರಿಲ್‌ನಿಂದ ಪಂಪ್ ತಿರುಗಿಸಿದರೆ ಈ ಎಂಜಿನ್‌ನಲ್ಲಿ ಒಂದು ಬದಿಯ ಲಿಫ್ಟರ್‌ಗಳಿಗೆ ಆಯಿಲ್ ಸರಿಯಾಗಿ ಹೋಗುವುದಿಲ್ಲ. ಆಯಿಲ್ ದಾರಿಯ ಒಂದು ಭಾಗ ಮುಚ್ಚುವುದು ಡಿಸ್ಟ್ರಿಬ್ಯೂಟರಿನ ಮೈ. ಕಾಕಾ ಗುಜರಿಯ ಡಿಸ್ಟ್ರಿಬ್ಯೂಟರ್ ಒಂದನ್ನು ತಂದು, ಗೇರಿನ ಹಲ್ಲು ಉಜ್ಜಿ ತೆಗೆದು, ಮೇಲೆ ಡ್ರಿಲ್ ಸಿಕ್ಕಿಸಿದರು. ಸುತ್ತು ಗಡಿಯಾರದ ಮುಳ್ಳಿನ ದಿಕ್ಕಿಗೆ. ಮೊದಲು ಡ್ರಿಲ್ ಸಲೀಸಾಗಿ ತಿರುಗಿತು. ಆಮೇಲೆ ಒಮ್ಮೆಲೇ ಭಾರವಾಗಿ ಸದ್ದು ಇಳಿಯಿತು, ಗೇಜ್ ಮುಳ್ಳು ಎದ್ದಿತು. ಹಿಂದಿನ ಒಂದು ರಾಕರಿನಲ್ಲಿ ಗುಳ್ಳೆ ಬಂತು, ಆಮೇಲೆ ಜೇನು ಬಣ್ಣದ ಆಯಿಲ್ ಇಳಿಯಿತು. ಇನ್ನೊಂದು, ಮತ್ತೊಂದು. ಕೆಲವು ಬರಲೇ ಇಲ್ಲ, ಕ್ರ್ಯಾಂಕ್ ಕಾಲು ಸುತ್ತು ತಿರುಗಿಸಿ ಮತ್ತೆ ಡ್ರಿಲ್. ಹದಿನಾರರಲ್ಲೂ ಆಯಿಲ್ ಕಂಡ ಮೇಲೇ ಕವರ್ ಮುಚ್ಚಿದ್ದು.

ಪ್ರಿಲೋಡ್, ಅಂದರೆ ಲಿಫ್ಟರ್ ಒಳಗಿನ ಪ್ಲಂಜರನ್ನು ಸ್ವಲ್ಪ ಒತ್ತಿಡುವುದು, ಅದಕ್ಕೂ ಮುಂಚೆಯೇ ಹಾಕಿದ್ದೆವು. ಎಕ್ಸಾಸ್ಟ್ ತೆರೆಯಲು ಶುರುವಾದಾಗ ಅದೇ ಸಿಲಿಂಡರಿನ ಇನ್‌ಟೇಕ್ ಸರಿಮಾಡಿ, ಇನ್‌ಟೇಕ್ ಮುಚ್ಚುತ್ತಾ ಬಂದಾಗ ಎಕ್ಸಾಸ್ಟ್. ಪುಶ್‌ರಾಡ್ ಮೇಲೆ ಕೆಳಗೆ ಅಲ್ಲಾಡುವುದು ನಿಂತ ಕಡೆ ಸೊನ್ನೆ, ಅಲ್ಲಿಂದ ನಟ್ಟು ಅರ್ಧ ಸುತ್ತು. ಬೆರಳಲ್ಲಿ ಪುಶ್‌ರಾಡ್ ತಿರುಗಿಸಿ ನೋಡುವವರಿದ್ದಾರೆ, ಹೊಸ ಲಿಫ್ಟರಿನಲ್ಲಿ ಅದು ಮೋಸ ಮಾಡುತ್ತೆ.

ಸ್ಟಾರ್ಟ್ ಆದ ಕೂಡಲೇ ಕಟಕಟ ಅಂತ ಕೇಳಿ ಮಾವನವರ ಮುಖ ಸಪ್ಪೆಯಾಯಿತು. "ತಡೀರಿ ಅಜ್ಜಾರ, ಇನ್ನೂ ಆಯಿಲ್ ತುಂಬ್ಕೋಬೇಕು," ಅಂದರು ಕಾಕಾ. ಎಂಜಿನ್ ಬಿಸಿಯಾಗುತ್ತಾ ಒಂದೊಂದೇ ಲಿಫ್ಟರ್ ಸುಮ್ಮನಾಯಿತು. ಮಾವ ಬಾನೆಟ್ ಹತ್ತಿರ ಕಿವಿ ಕೊಟ್ಟು ನಿಂತರು. "ಈಗ ಸರಿ," ಅಂದರು, ಅಷ್ಟೇ.

ಖರ್ಚು ಕೇಳುವವರಿಗೆ: ಲಿಫ್ಟರ್ ಸೆಟ್ ಮನೆಗೆ ಬಂದಾಗ 72,000 ರೂಪಾಯಿಯ ಆಸುಪಾಸು. ಕ್ಯಾಮ್, ಸ್ಪ್ರಿಂಗ್, ಪುಶ್‌ರಾಡ್, ಕವರ್ ಇತ್ಯಾದಿ ಇನ್ನೂ ಒಂದು ಲಕ್ಷಕ್ಕೆ ಮೇಲೆ. ಮಶಿನ್ ಶಾಪು, ಗ್ಯಾಸ್ಕೆಟ್, ಮಜೂರಿ ಸೇರಿ ಒಟ್ಟು 2,60,000ದ ಹತ್ತಿರ ಹೋಯಿತು. ಫ್ಲಾಟ್ ಹೈಡ್ರಾಲಿಕ್‌ನಲ್ಲೇ ಉಳಿದು, ಸ್ಟಡ್ ಮುಟ್ಟದೆ, ಹಳೇ ಉದ್ದದ ಪುಶ್‌ರಾಡ್ ಹಾಕಿದ್ದರೆ ಇದರ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತಿತ್ತು. ಗಾಡಿ ವರ್ಷಕ್ಕೆ ನಾಲ್ಕು ಭಾನುವಾರ ಮಾತ್ರ ಓಡುವುದಾದರೆ ನಾನು ಅದನ್ನೇ ಮಾಡಿ ಅನ್ನುತ್ತೇನೆ, ಮೊದಲ ಅರ್ಧ ಗಂಟೆಯನ್ನು ನಿಭಾಯಿಸಬಲ್ಲ ಮಿಸ್ತ್ರಿ ಸಿಕ್ಕರೆ.

ಖಂಬಾಟ್ಕಿ ಘಾಟಿನಲ್ಲಿ ಗಾಡಿ ಮೊದಲಿಗಿಂತ ಸಲೀಸಾಗಿ ಏರುತ್ತದೆ, ಕಾರ್ಬ್ಯುರೇಟರ್ ಉಗಿಯುವುದು ನಿಂತಿದೆ. ಮೊದಲ 500 ಕಿಲೋಮೀಟರಿಗೆ ಆಯಿಲ್ ಇಳಿಸಿ, ಫಿಲ್ಟರನ್ನು ಕತ್ತರಿಸಿ ಕಾಗದ ಬಿಡಿಸಿ ನೋಡಿದೆವು. ಗ್ಯಾಸ್ಕೆಟ್ ಅಂಟಿನ ಚೂರು ಒಂದೆರಡು ಬಿಟ್ಟರೆ ಏನೂ ಇರಲಿಲ್ಲ, ಅಯಸ್ಕಾಂತಕ್ಕೆ ಏನೂ ಅಂಟಲಿಲ್ಲ. ಐಡಲ್ ಮಾತ್ರ ಎಸಿ ಹಾಕಿದಾಗ ಇನ್ನೂ ಸ್ವಲ್ಪ ಇಳಿಯುತ್ತೆ. ಕಾಕಾ ಸದ್ಯ ಅದರ ಹಿಂದೆ ಬಿದ್ದಿದ್ದಾರೆ.